ಮದಗದ ಪಾಚಿ, ಕಡಲಿನ ಪಾಚಿ

ಮಳೆಗಾಲ ಶುರುವಾಗಿ ಹದಿನೈದು ದಿನ ಕಳೆಯಿತೆಂದರೆ ನಮ್ಮ ಕರಾವಳಿಯ ಹೆಂಗಸರಿಗೆ ಒಂದು ಹೆಚ್ಚಿನ ಕೆಲಸ ಗಂಟುಬೀಳುತ್ತದೆ. ಅದು ಪಾಚಿ ತಿಕ್ಕುವ ಕೆಲಸ. ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ತುಳಸಿಕಟ್ಟೆಯ ಸುತ್ತ, ಅಂಗಳಕ್ಕಿಳಿಯುವ ಮೆಟ್ಟಿಲು, ಎಲ್ಲಿ ನೋಡಿದರೂ ಹಸಿರು. ಇವತ್ತು ತೆಂಗಿನ ಸಿಪ್ಪೆ ಹಾಕಿ ತಿಕ್ಕಿದರೆ ನಾಲ್ಕು ದಿನಕ್ಕೆ ಮತ್ತೆ ಅಲ್ಲೇ ಹಾಜರು. ಬ್ಲೀಚಿಂಗ್ ಪೌಡರ್ ಎರಚಿದರೆ ಒಂದು ವಾರ ಮುನಿಸಿಕೊಂಡು ದೂರವಿರುತ್ತದೆ, ಅಷ್ಟೆ. ನನ್ನ ಅಮ್ಮ ಅಂಗಳಕ್ಕೆ ಅಡಿಕೆಮರದ ದಬ್ಬೆ ಹಾಸಿ, ಅದರ ಮೇಲೆ ಸರ್ಕಸ್ಸಿನವಳ ಹಾಗೆ ಕೊಡಪಾನ ಹೊತ್ತು ನಡೆಯುತ್ತಿದ್ದಳು. ಅದೇ ಅಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಹಾಗಾಗಿ ಪಾಚಿ ಎಂದರೆ ನನಗೆ ಹುಟ್ಟಿನಿಂದ ವೈರಿ. ಆ ವೈರಿಯ ಸಮಾಚಾರವನ್ನು ಕುಳಿತು ಕೇಳುವ ತಾಳ್ಮೆ ಬಂದದ್ದು ಅರವತ್ತು ದಾಟಿದ ಮೇಲೆ, ಅದೂ ದೂರದ ಒಂದು ಕಡಲತೀರದಲ್ಲಿ. ಆದರೆ ಕತೆ ಶುರುವಾಗುವುದು ಕುಂದಾಪುರದ ಹತ್ತಿರದ ನನ್ನ ತವರಿನ ಮದಗದಿಂದ.

ಮದಗವೆಂದರೆ ನಮ್ಮ ಕಡೆ ಕೆರೆ. ನಮ್ಮ ಗದ್ದೆಯ ತಲೆಯಲ್ಲಿ ಒಂದಿದೆ. ಅದರ ನೀರು ತೋಡಿಗೆ ಬಿದ್ದು, ತೋಡು ಹೊಳೆಗೆ ಸೇರಿ, ಹೊಳೆ ಎರಡು ಮೈಲು ಹೋಗಿ ಕಡಲಿಗೆ ಬೀಳುತ್ತದೆ. ನಾವು ಈಜು ಕಲಿತದ್ದು ಆ ಮದಗದಲ್ಲಿ. 2017ರ ಏಪ್ರಿಲಿನಲ್ಲಿ ಅಮ್ಮನ ತಿಥಿಗೆಂದು ಹೋದವಳು ಬೆಳಿಗ್ಗೆ ಕಾಲು ತೊಳೆಯಲು ಮದಗಕ್ಕೆ ಇಳಿದೆ. ನೀರು ಕಾಣಲಿಲ್ಲ. ಹಸಿರು ಬಣ್ಣ ಕದಡಿದಂತಹ ದಪ್ಪನೆಯ ಕೆನೆ. ಅದರ ನಡುವೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದ ಮೀನುಗಳು. ಆ ನಾತಕ್ಕೆ ನಾನು ಸೆರಗಿನಿಂದ ಮೂಗು ಮುಚ್ಚಿ ಮೇಲೆ ಬಂದೆ.

ಬಂದವಳು ಸುಮ್ಮನಿರಬೇಕಿತ್ತು. ಊಟಕ್ಕೆ ಕುಳಿತ ನೆಂಟರಿಷ್ಟರ ಎದುರಿಗೇ ಅಣ್ಣಯ್ಯನಿಗೆ ಹೇಳಿಬಿಟ್ಟೆ: “ಅಪ್ಪಯ್ಯ ಇದ್ದಿದ್ದರೆ ಮದಗ ಹೀಗಾಗುವುದಕ್ಕೆ ಬಿಡುತ್ತಿದ್ದನಾ? ಆ ಹಟ್ಟಿಯ ನೀರು, ಆ ಯೂರಿಯಾ, ಎಲ್ಲ ಅದಕ್ಕೇ ಸುರಿದು ಹಾಳುಮಾಡಿದೆಯಲ್ಲ!” ಅಣ್ಣಯ್ಯ ತುತ್ತನ್ನು ಎಲೆಯಲ್ಲಿ ಬಿಟ್ಟು ತಲೆ ಎತ್ತಿದ. “ನೀ ಉಡುಪಿಯಗ್ ಕೂಕಂಡ್ ಹೇಳ್ತೆ. ಗದ್ದಿ ಮಾಡೂದ್ ನಾನ್,” ಎಂದ. ಎದ್ದು ಕೈ ತೊಳೆದುಕೊಂಡ. ಅಮ್ಮನ ತಿಥಿಯ ಎಲೆಯಿಂದ ಮಗ ಅರ್ಧ ಊಟಕ್ಕೆ ಎದ್ದದ್ದು ನನ್ನಿಂದಾಗಿ. ಆಮೇಲೆ ಅವನ ಫೋನು ಬರಲಿಲ್ಲ, ನಾನೂ ಮಾಡಲಿಲ್ಲ. ವರ್ಷವೂ ಬರುವ ಕುಚ್ಚಲಕ್ಕಿಯ ಮೂಟೆ ಮಾತ್ರ ತಪ್ಪದೆ ಬಸ್ಸಿನಲ್ಲಿ ಬಂತು. ಮೊದಲೆಲ್ಲ ಮೂಟೆಯ ಬಾಯಲ್ಲಿ ಅತ್ತಿಗೆ ಒಂದು ಕಟ್ಟು ಹಪ್ಪಳ ಇಡುತ್ತಿದ್ದಳು. ಈಗ ಬರಿಯ ಅಕ್ಕಿ.

ಹೀಗೆ ಎರಡು ವರ್ಷ ಕಳೆದು 2019ರ ಜುಲೈಯಲ್ಲಿ ನಾವಿಬ್ಬರೂ ಮಗಳ ಮನೆಗೆ ಹೋದೆವು. ಅವಳಿರುವುದು ಫ್ರಾನ್ಸಿನ ಪಶ್ಚಿಮಕ್ಕೆ, ಬ್ರಿಟನಿ ಎಂಬ ಸೀಮೆಯ ರೆನ್ ಪಟ್ಟಣದಲ್ಲಿ. ಎರಡು ವಾರ ಇಗರ್ಜಿ, ಅರಮನೆ, ಅಂಗಡಿ ನೋಡಿದ್ದಾಯಿತು. ಕಡಲು ನೋಡದೆ ನನಗೆ ಉಸಿರು ಕಟ್ಟಿದಂತಾಗಿತ್ತು. ಕೊನೆಗೊಂದು ಭಾನುವಾರ ಉತ್ತರದ ಸ್ಯಾಂ ಬ್ರಿಯೂ ಕೊಲ್ಲಿಗೆ ಹೊರಟೆವು. ಜೊತೆಗೆ ಮಗಳ ಮನೆಯ ಕೆಳಮನೆಯಲ್ಲಿರುವ ಹಿರಿಯ ಹೆಂಗಸೂ ಬಂದರು. ನಿವೃತ್ತ ಶಾಲಾ ಟೀಚರು, ಜೀವಶಾಸ್ತ್ರ ಕಲಿಸಿದವರು, ಹುಟ್ಟಿದ್ದು ಅದೇ ಕೊಲ್ಲಿಯ ಬದಿಯ ರೈತ ಕುಟುಂಬದಲ್ಲಿ. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ನಡುವೆ ಮಗಳು ಸೇತುವೆ.

ಕಾರಿನಿಂದ ಇಳಿಯುವ ಮೊದಲೇ ನಾತ ಬಂತು. ಕೊಳೆತ ಮೊಟ್ಟೆಯ ನಾತ. ನನಗೆ ಒಮ್ಮೆಲೇ ನೆನಪಾದದ್ದು ನಮ್ಮ ಮದಗ. ತೀರಕ್ಕೆ ಹೋಗುವ ದಾರಿಗೆ ಅಡ್ಡ ಕಟ್ಟಿ, ಒಳಗೆ ಹೋಗಬಾರದೆಂದು ಫಲಕ ಹಾಕಿದ್ದರು. ಆ ಬೇಸಿಗೆಯಲ್ಲಿ ಕೊಲ್ಲಿಯ ಹಲವು ತೀರಗಳನ್ನು ಹಾಗೆಯೇ ಮುಚ್ಚಿದ್ದರಂತೆ. ದಿಬ್ಬದ ಮೇಲೆ ನಿಂತು ನೋಡಿದರೆ, ಇಳಿತದ ಹೊತ್ತಿಗೆ ಕಿಲೋಮೀಟರುಗಟ್ಟಲೆ ಹಿಂದೆ ಸರಿಯುವ ಕಡಲು ಬಿಟ್ಟುಹೋದ ಮರಳಿನ ಮೇಲೆ ಹಸಿರು ಹಾಸು. ದೂರಕ್ಕೆ ನಮ್ಮ ನಾಟಿಗದ್ದೆಯಂತೆಯೇ ಕಾಣುತ್ತಿತ್ತು. “ಎಷ್ಟು ಚೆಂದ!” ಎಂದ ನನ್ನ ಗಂಡನ ಮುಖವನ್ನು ಟೀಚರು ವಿಚಿತ್ರವಾಗಿ ನೋಡಿದರು.

ಪಕ್ಕದ, ತೆರೆದಿದ್ದ ಇನ್ನೊಂದು ತೀರಕ್ಕೆ ಕರೆದುಕೊಂಡು ಹೋಗಿ ಅವರು ನೀರಿನಿಂದ ಒಂದು ತಾಜಾ ಎಲೆ ಎತ್ತಿ ನನ್ನ ಅಂಗೈಯ ಮೇಲೆ ಹರಡಿದರು. ಬಾಳೆಯ ಸುಳಿಯಂತಹ ಎಳೆ ಹಸಿರು, ತೆಳ್ಳಗೆ. ಕೆಳಗಿನ ಕೈರೇಖೆ ಕಾಣುತ್ತಿತ್ತು. ಅದಕ್ಕೆ ಉಲ್ವಾ ಎಂದು ಹೆಸರು. ಎರಡೇ ಎರಡು ಜೀವಕೋಶಗಳಷ್ಟು ದಪ್ಪ. ಬೇರಿಲ್ಲ, ಕಾಂಡವಿಲ್ಲ, ಹೂವಿಲ್ಲ. ಚಿಕ್ಕದಿರುವಾಗ ಕಲ್ಲಿಗೆ ಕಚ್ಚಿಕೊಳ್ಳಲು ಬುಡದಲ್ಲೊಂದು ಹಿಡಿಕೆ, ಅಷ್ಟೆ. ತಾಜಾ ಇರುವಾಗ ತಿನ್ನಲೂ ಬರುತ್ತದೆ, ವಿಷವೇನಲ್ಲ. ಇಂಥದೇ ಉಲ್ವಾ ನಮ್ಮ ಕರಾವಳಿಯ ಬಂಡೆಗಳ ಮೇಲೂ ಮಳೆಗಾಲ ಮುಗಿದ ಮೇಲೆ ಬೆಳೆಯುತ್ತದೆ. ಚಿಕ್ಕಂದಿನಲ್ಲಿ ಅದರ ಮೇಲೆ ಜಾರುಬಂಡಿ ಆಡಿ ಪೆಟ್ಟು ತಿಂದವಳು ನಾನು. ಅಲ್ಲಿ ಒಂದು ಹಿಡಿ, ಇಲ್ಲಿ ಇಷ್ಟೊಂದು. ಯಾಕೆ?

ಟೀಚರು ವಿವರಿಸಿದ್ದನ್ನು ನನ್ನ ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ. ಗದ್ದೆಯ ಸಸಿ ಬೇರಿನಿಂದ ಮಾತ್ರ ಉಣ್ಣುತ್ತದೆ. ಉಲ್ವಾಕ್ಕೆ ಮೈಯೆಲ್ಲ ಬಾಯಿ. ನೀರಿನಲ್ಲಿ ಕರಗಿದ ಗೊಬ್ಬರದ ಅಂಶವನ್ನು ಎಲೆಯ ಎರಡೂ ಮಗ್ಗುಲಿಂದ ಹೀರಿಕೊಳ್ಳುತ್ತದೆ. ಕಾಂಡ ಕಟ್ಟುವ, ಬೇರು ಇಳಿಸುವ ಖರ್ಚಿಲ್ಲದ್ದರಿಂದ ಉಂಡದ್ದೆಲ್ಲ ಬೆಳವಣಿಗೆಗೇ. ಬೆಳಕು, ಹದವಾದ ಬಿಸಿ, ಹೊಟ್ಟೆತುಂಬ ಊಟ ಮೂರೂ ಕೂಡಿದರೆ ಕೆಲವೇ ದಿನಗಳಲ್ಲಿ ತನ್ನ ತೂಕವನ್ನು ಇಮ್ಮಡಿ ಮಾಡಿಕೊಳ್ಳುತ್ತದೆ. ಎಲೆಯ ಅಂಚಿನ ಕೋಶಗಳೇ ಬೀಜಾಣುಗಳಾಗಿ ಈಜಿಕೊಂಡು ಹೊರಡುತ್ತವೆ. ಅದು ಸಾಲದೆಂಬಂತೆ ಅಲೆಗೆ ಸಿಕ್ಕಿ ಚೂರಾದರೆ ಒಂದೊಂದು ಚೂರೂ ತೇಲುತ್ತಲೇ ಬೆಳೆಯುತ್ತದೆ. ಆ ಕೊಲ್ಲಿಯ ಹಸಿರು ಬಹುಪಾಲು ಇಂತಹ ಚೂರುಗಳದೇ ಸಂತಾನ. ಚಳಿಗಾಲದಲ್ಲಿ ಅಳಿದುಳಿದವು ನೀರಿನಲ್ಲೂ ಮರಳಿನಲ್ಲೂ ಹೇಗೋ ಜೀವ ಹಿಡಿದಿದ್ದು, ವಸಂತದ ಬಿಸಿಲು ಬಿದ್ದೊಡನೆ ಮತ್ತೆ ಸಂಸಾರ ಹೂಡುತ್ತವೆ.

ಇಷ್ಟೆಲ್ಲ ಶಕ್ತಿಯಿದ್ದ ಪಾಚಿ ಹಿಂದೆ ಯಾಕೆ ಕಡಲನ್ನು ಮುಚ್ಚಲಿಲ್ಲ? ಯಾಕೆಂದರೆ ಅದಕ್ಕೆ ಊಟವಿರಲಿಲ್ಲ. ತೀರದ ನೀರಿನಲ್ಲಿ ಬೇಸಿಗೆಯ ಹೊತ್ತಿಗೆ ಸಾರಜನಕ ತೀರಿಹೋಗುತ್ತದೆ, ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಅಕ್ಕಿ ಮುಗಿದ ಮನೆಯಲ್ಲಿ ಒಲೆ ಉರಿದರೇನು, ಪಾತ್ರೆ ಇದ್ದರೇನು! ಆ ಕಡಿವಾಣ ತಪ್ಪಿದ್ದು ಹೊಳೆಗಳಿಂದ. 1960ರ ದಶಕದಿಂದೀಚೆಗೆ ಬ್ರಿಟನಿಯ ಬೇಸಾಯ ಬದಲಾಯಿತು. ಗದ್ದೆಗಳ ನಡುವಿನ ಬೇಲಿಸಾಲುಗಳನ್ನು ಕಿತ್ತರು, ಚೀಲದ ಗೊಬ್ಬರ ಬಂತು, ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬರುವ ಸೋಯಾ ತಿನ್ನಿಸಿ ಹಂದಿ, ಕೋಳಿ, ದನ ಸಾಕಿದರು. ಇವತ್ತು ಫ್ರಾನ್ಸಿನ ಹಂದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಸೀಮೆಯಲ್ಲೇ ಇವೆ. ಅಷ್ಟು ಪ್ರಾಣಿಗಳ ಸಗಣಿ, ಗಂಜಲವನ್ನು ಹೊಲಕ್ಕೆ ಹಾಕುತ್ತಾರೆ. ಪೈರು ಉಂಡು ಮಿಕ್ಕದ್ದು ನೈಟ್ರೇಟಾಗಿ ಮಳೆಯೊಂದಿಗೆ ಇಳಿಯುತ್ತದೆ. ಹಿಂದೆ ಅಲ್ಲಿಯ ಹೊಳೆಗಳಲ್ಲಿ ಲೀಟರಿಗೆ ಹತ್ತು ಮಿಲಿಗ್ರಾಮೂ ಇರದಿದ್ದ ನೈಟ್ರೇಟು 1990ರ ದಶಕದ ಹೊತ್ತಿಗೆ ಸುಮಾರು 50ಕ್ಕೆ ಏರಿತ್ತು. ಈಗ ಬಹಳ ಪ್ರಯತ್ನದಿಂದ ಸ್ವಲ್ಪ ಇಳಿದಿದೆ. ಆದರೆ ನೆಲಕ್ಕಿಳಿದ ನೈಟ್ರೇಟು ಅಂತರ್ಜಲದಲ್ಲಿ ವರ್ಷಗಟ್ಟಲೆ ನಿಂತು ನಿಧಾನವಾಗಿ ಹೊಳೆಗೆ ಬರುವುದರಿಂದ, ಇವತ್ತು ಕೈ ತಡೆದರೂ ಹಿಂದಿನವರು ಹಾಕಿದ್ದು ಬರುತ್ತಲೇ ಇರುತ್ತದೆ.

ಹಾಗೆಂದು ಹೊಳೆ ಬೀಳುವಲ್ಲೆಲ್ಲ ಹೀಗಾಗುವುದಿಲ್ಲ. ಸ್ಯಾಂ ಬ್ರಿಯೂ ಕೊಲ್ಲಿ ಆಳವಿಲ್ಲದ, ಮರಳಿನ, ಬೋಗುಣಿಯಂತಹ ಜಾಗ. ಉಬ್ಬರ ಇಳಿತ ಎಷ್ಟು ದೊಡ್ಡದಾದರೂ ನೀರು ಹೊರಗೆ ಹೋಗಿ ಹೆಚ್ಚು ಕಡಿಮೆ ಅದೇ ನೀರು ಒಳಗೆ ಬರುತ್ತದೆ. ಆಳವಿಲ್ಲದ್ದರಿಂದ ಬೆಳಕು ತಳದವರೆಗೂ ಇಳಿಯುತ್ತದೆ, ನೀರು ಬೇಗ ಬಿಸಿಯಾಗುತ್ತದೆ. ಮುಚ್ಚಳ ಮುಚ್ಚಿದ ಪಾತ್ರೆಯಲ್ಲಿ ಹಿಟ್ಟು ಹುದುಗುಬಂದಂತೆ ಪಾಚಿ ಉಬ್ಬುತ್ತದೆ.

ಬದುಕಿರುವಾಗ ನಿರುಪದ್ರವಿಯಾದ ಇದು ಸತ್ತ ಮೇಲೆ ಮಾರಿಯಾಗುತ್ತದೆ. ಅಲೆ ತಂದು ರಾಶಿ ಹಾಕಿದ ಪಾಚಿ ಒಂದೆರಡು ದಿನದಲ್ಲಿ ಕೊಳೆಯತೊಡಗುತ್ತದೆ. ಮೇಲ್ಪದರ ಬಿಸಿಲಿಗೆ ಒಣಗಿ ಬಿಳಿಯ ಹಪ್ಪಳದಂತಾಗುತ್ತದೆ. ಅದರಡಿ ಗಾಳಿಯಾಡದ ಕಡೆ ಒಂದು ಜಾತಿಯ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟಿಸುತ್ತದೆ. ಯಾರಾದರೂ ಕಾಲಿಟ್ಟು ಹಪ್ಪಳ ಒಡೆಯಿತೋ, ಅನಿಲ ಒಮ್ಮೆಲೇ ಮೇಲೇಳುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ ಎಚ್ಚರಿಸುತ್ತದೆ. ಹೆಚ್ಚಾದರೆ ಮೂಗಿನ ಶಕ್ತಿಯೇ ಸತ್ತು ನಾತ ತಿಳಿಯುವುದಿಲ್ಲ. 2009ರಲ್ಲಿ ಸ್ಯಾಂ ಮಿಶೆಲ್ ಆಂ ಗ್ರೆವ್ ಎಂಬಲ್ಲಿ ಕುದುರೆಯೊಂದು ಇದರಲ್ಲಿ ಹೂತು ಸತ್ತಿತು, ಸವಾರ ಪ್ರಜ್ಞೆ ತಪ್ಪಿ ಬದುಕಿಕೊಂಡ. 2011ರಲ್ಲಿ ನಾವು ನಿಂತಿದ್ದ ಕೊಲ್ಲಿಗೆ ಬೀಳುವ ಹೊಳೆಯ ಬಾಯಲ್ಲಿ 36 ಕಾಡುಹಂದಿಗಳು ಸತ್ತುಬಿದ್ದವು. 2016ರಲ್ಲಿ ಅದೇ ಜಾಗದಲ್ಲಿ ಓಡಲು ಹೋದ ಒಬ್ಬರು ಮನೆಗೆ ಮರಳಲಿಲ್ಲ. ಅವರ ಹೆಂಡತಿ, ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು, 2025ರ ಜೂನಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಸಾವಿಗೆ ಸರ್ಕಾರವೂ ಹೊಣೆಯೆಂದು ಒಪ್ಪಿತು. ಒಂಬತ್ತು ವರ್ಷ! ಆ ಸುದ್ದಿಯನ್ನು ಮಗಳು ಫೋನಿನಲ್ಲಿ ಹೇಳಿದಾಗ ಆ ಹೆಂಗಸನ್ನು ಒಮ್ಮೆ ಕಾಣಬೇಕು ಅನ್ನಿಸಿತ್ತು.

ಆ ದಿನ ಕಾಫಿ ಕುಡಿಯುತ್ತ ನಾನು ಟೀಚರನ್ನು ಕೇಳಿಬಿಟ್ಟೆ: “ಇಷ್ಟು ತಿಳಿದವರು ನೀವು, ಆ ರೈತರಿಗೆ ಯಾಕೆ ಹೇಳುವುದಿಲ್ಲ?” ಮಗಳು ಅದನ್ನು ತಿಳಿಸಲು ಸ್ವಲ್ಪ ಹಿಂಜರಿದಳು. ಟೀಚರು ಕಪ್ಪು ಕೆಳಗಿಟ್ಟು, ತನ್ನ ತಮ್ಮನೇ ಹಂದಿ ಸಾಕುವವನು ಎಂದರು. ಅವನು ಎಳೆಯನಾಗಿದ್ದಾಗ ಹೆಚ್ಚು ಸಾಕು, ಸಾಲ ತೆಗೆದುಕೋ, ದೇಶಕ್ಕೆ ಅನ್ನ ಕೊಡು ಎಂದು ಎಲ್ಲರೂ ಬೆನ್ನುತಟ್ಟಿದರು. ಅವನು ಹೇಳಿದ್ದನ್ನೇ ಮಾಡಿದ. ಸಾಲ ಇನ್ನೂ ತೀರಿಲ್ಲ. ಈಗ ಅದೇ ಜನ ಕಡಲು ಹಾಳುಮಾಡಿದವನೆಂದು ಅವನತ್ತ ಬೆರಳು ತೋರಿಸುತ್ತಾರೆ. “ನಾವು ಊಟದ ಮೇಜಿನಲ್ಲಿ ಕಡಲಿನ ಮಾತು ಎತ್ತುವುದಿಲ್ಲ,” ಎಂದರು.

ನಾನು ತಲೆ ತಗ್ಗಿಸಿದೆ. ನನಗೆ ಥಟ್ಟನೆ ನೆನಪಾದದ್ದು ಒಂದು ಹಳದಿ ಕಾಗದ. ನಾನಾಗ ಹೈಸ್ಕೂಲು ಹುಡುಗಿ. ಹಟ್ಟಿಗೊಬ್ಬರ, ಸುಡುಮಣ್ಣು ಬಿಟ್ಟು ಬೇರೆ ತಿಳಿಯದ ಅಪ್ಪಯ್ಯನಿಗೆ ಯಾರೋ ಒಂದು ಕರಪತ್ರ ಕೊಟ್ಟಿದ್ದರು. ಯೂರಿಯಾ ಹಾಕಿದರೆ ಎಷ್ಟು ಮುಡಿ ಹೆಚ್ಚು ಭತ್ತ ಎಂದು ಅದರಲ್ಲಿತ್ತು. ಅಪ್ಪಯ್ಯನಿಗೆ ಓದು ಬಾರದು. ಜಗಲಿಯಲ್ಲಿ ಕುಳಿತು ಅದನ್ನು ಜೋರಾಗಿ ಓದಿ, ಹಾಕಲೇಬೇಕೆಂದು ಹಟ ಹಿಡಿದವಳು ನಾನೇ. ಆ ವರ್ಷದ ಹೆಚ್ಚಿನ ಭತ್ತದಲ್ಲೇ ನನ್ನ ಕಾಲೇಜಿನ ಫೀಸು ಹುಟ್ಟಿತು.

ಸೆಪ್ಟೆಂಬರಿನಲ್ಲಿ ಊರಿಗೆ ಬಂದೆವು. ನಾಳೆ ಫೋನು ಮಾಡೋಣ, ದೀಪಾವಳಿಗೆ ಮಾಡೋಣ ಎಂದು ನನ್ನ ಬಿಗುಮಾನ ದಿನ ದೂಡಿತು. ಅಷ್ಟರಲ್ಲಿ ಕೊರೋನಾ ಬಂದು ಮನೆಬಾಗಿಲೇ ಮುಚ್ಚಿತು. ಕೊನೆಗೆ 2020ರ ನವೆಂಬರಿನಲ್ಲಿ ಒಂದು ಸಂಜೆ ಹೇಳದೆ ಕೇಳದೆ ತವರಿಗೆ ಹೋಗಿ ಇಳಿದೆ. ಅಣ್ಣಯ್ಯ ಜಗಲಿಯಲ್ಲಿದ್ದ. “ಬಂದ್ಯಾ” ಎಂದ, ಅಷ್ಟೆ. ಅತ್ತಿಗೆ ಮಾತ್ರ ಕೈಹಿಡಿದುಕೊಂಡು ಅತ್ತಳು.

ಆ ತಿಂಗಳು ನಮ್ಮ ಕರಾವಳಿಯಲ್ಲಿ ಒಂದು ವಿಶೇಷ ನಡೆದಿತ್ತು, ನಿಮಗೂ ನೆನಪಿರಬಹುದು. ರಾತ್ರಿ ಕಡಲಿನ ಅಲೆ ನೀಲಿಯಾಗಿ ಹೊಳೆಯುತ್ತಿತ್ತು. ಊಟವಾದ ಮೇಲೆ ಅಣ್ಣಯ್ಯನ ಮಗ ಎಲ್ಲರನ್ನೂ ತೀರಕ್ಕೆ ಕರೆದುಕೊಂಡು ಹೋದ. ಅಲೆ ಮಗುಚಿದಲ್ಲೆಲ್ಲ ನೀಲಿ ಬೆಂಕಿ. ಒದ್ದೆ ಮರಳಿನ ಮೇಲೆ ಕಾಲಿಟ್ಟರೆ ಹೆಜ್ಜೆಯೂ ಮಿನುಗುತ್ತಿತ್ತು. ಇದು ನಾಕ್ಟಿಲೂಕ ಎಂಬ ಏಕಕೋಶ ಜೀವಿಯ ಕೆಲಸ. ಇದು ಉಲ್ವಾದ ಜಾತಿಯದಲ್ಲ. ಕಡಲಿನ ಕಣ್ಣಿಗೆ ಕಾಣದ ಪಾಚಿಯನ್ನು ತಿಂದು ಹೆಚ್ಚುವಂಥದು, ಅಲುಗಿಸಿದರೆ ಬೆಳಗುವಂಥದು. ಹೊಟ್ಟೆಗೆ ಸಿಕ್ಕಿದಷ್ಟು ಸಂತಾನ ಎಂಬ ನಿಯಮ ಮಾತ್ರ ಎರಡಕ್ಕೂ ಒಂದೇ. ಕಡಲಿನಲ್ಲಿ ಹಸಿರು ಉಕ್ಕುವುದೇ ಕೆಟ್ಟದ್ದೆಂದು ತಿಳಿಯಬಾರದು. ಮಳೆಗಾಲದಲ್ಲಿ ನಮ್ಮ ಅರಬ್ಬಿ ಕಡಲಿನ ತಳದ ತಣ್ಣನೆಯ, ಸಾರವತ್ತಾದ ನೀರು ಮೇಲಕ್ಕೆ ಬಂದು ಸೂಕ್ಷ್ಮ ಪಾಚಿ ಉಕ್ಕುವುದರಿಂದಲೇ ನಮಗೆ ಬೈಗೆ, ಬಂಗುಡೆ ಸಿಕ್ಕುವುದು. ಅದು ಕಡಲು ತನ್ನ ಕಾಲಕ್ಕೆ ತಾನೇ ಬಡಿಸುವ ಊಟ. ನಾವು ಹೊಳೆಯಲ್ಲಿ ಕಳಿಸುವುದು ಹೊತ್ತುಗೊತ್ತಿಲ್ಲದ ಊಟ.

ಅಲ್ಲೇ ಮರಳಿನ ಮೇಲೆ ಕುಳಿತು ಅಣ್ಣಯ್ಯನಿಗೆ ಬ್ರಿಟನಿಯ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. “ಹಂಗಾರೆ ತಪ್ಪ್ ನಂದೇ ಅಂಬ್ಯಾ?” ಎಂದ. ನಾನು ಹಳದಿ ಕಾಗದದ ಮಾತು ತೆಗೆದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕಾಗ್ದ ನಂಗೂ ನೆನಪಿತ್ತ್,” ಎಂದ. ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಮದಗದ ಸುತ್ತ ನಡೆದೆವು. ಅಪ್ಪಯ್ಯನ ಕಾಲದಲ್ಲಿ ನಾಲ್ಕು ಊರದನಗಳಿದ್ದವು, ಈಗ ಡೇರಿಗೆ ಹಾಲು ಹಾಕಲು ಹನ್ನೆರಡು ಜರ್ಸಿ. ಗೊಬ್ಬರದ ಗುಂಡಿ ಮಾತ್ರ ಅದೇ, ತೋಡಿನ ಅಂಚಿನಲ್ಲಿ. ಅದರ ಆಚೆ, ಮದಗಕ್ಕಿಂತ ಮೇಲಿನ ನೆಲದಲ್ಲಿ, ಒಂದು ಸಿಮೆಂಟಿನ ಮುಚ್ಚಳ, ಅದರಿಂದ ಹೊರಟ ಒಂದು ಕೊಳವೆ. “ಇದೇನು?” ಎಂದೆ. ಅಣ್ಣಯ್ಯ ಉತ್ತರ ಕೊಡಲಿಲ್ಲ. ಅತ್ತಿಗೆ ಮೆಲ್ಲಗೆ, ಅದು 2014ರಲ್ಲಿ ಕಟ್ಟಿಸಿದ ಹೊಸ ಪಾಯಿಖಾನೆಯ ಗುಂಡಿ ಎಂದಳು. ಮಂಡಿ ನೋವು, ಕುಳಿತು ಏಳಲಾಗುವುದಿಲ್ಲ, ಕುರ್ಚಿಯಂಥದು ಇಲ್ಲದಿದ್ದರೆ ಬರುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಅಣ್ಣಯ್ಯ ನನಗಾಗಿ ಕಟ್ಟಿಸಿದ್ದು. ಮಳೆಗಾಲದಲ್ಲಿ ಅದು ತುಂಬಿ ಹರಿಯುವುದು ಮದಗಕ್ಕೆ. ತಿಥಿಯ ದಿನ ಅಷ್ಟು ಜನರ ಎದುರಿಗೆ ನಾನು ಅಂದಾಗ ಅವನು ಇದೊಂದನ್ನು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಹೇಳಿರಲಿಲ್ಲ.

ಆಮೇಲೆ ನಾವು ಮಾಡಿದ್ದು ದೊಡ್ಡ ಸಂಗತಿಯೇನಲ್ಲ. ನನ್ನ ಖರ್ಚಿನಲ್ಲಿ ಆ ಗುಂಡಿಯನ್ನು ಮದಗದಿಂದ ದೂರದ ತಗ್ಗಿಗೆ ಬದಲಾಯಿಸಿದೆವು. ಗೊಬ್ಬರದ ಗುಂಡಿಯೂ ತೋಡಿನ ಅಂಚು ಬಿಟ್ಟು ಸರಿದು, ಮಳೆ ಬೀಳದಂತೆ ಅದಕ್ಕೊಂದು ಮಾಡು ಬಂತು. ಅಣ್ಣಯ್ಯ ಯೂರಿಯಾ ಬಿಟ್ಟಿಲ್ಲ. ಆದರೆ ಒಮ್ಮೆಲೇ ಸುರಿಯುವ ಬದಲು ಮೂರು ಸಲಕ್ಕೆ ಹಂಚಿ, ದೊಡ್ಡ ಮಳೆಯ ಸೂಚನೆ ಇದ್ದ ದಿನ ಬಿಟ್ಟು ಹಾಕುತ್ತಾನೆ. ತೋಡಿನ ಉದ್ದಕ್ಕೂ ಎರಡು ಮಾರು ಅಗಲ ಹುಲ್ಲು ಬಿಟ್ಟಿದ್ದಾನೆ. ಓಡುವ ನೀರನ್ನು ತಡೆದು ಸಾರವನ್ನು ಆ ಹುಲ್ಲು ಉಣ್ಣುತ್ತದೆ, ಹುಲ್ಲನ್ನು ದನ ಉಣ್ಣುತ್ತದೆ.

ಮದಗ ಪೂರ್ತಿ ತಿಳಿಯಾಗಿಲ್ಲ. ತಳದ ಕೆಸರಿನಲ್ಲಿ ಕುಳಿತದ್ದು ಖರ್ಚಾಗಬೇಕಲ್ಲ. ಬೇಸಿಗೆ ಬಂದರೆ ಅಂಚಿನಲ್ಲಿ ಇನ್ನೂ ಹಸಿರು ಕಟ್ಟುತ್ತದೆ. ಆದರೆ ಮೀನು ಸತ್ತು ತೇಲಿದ್ದನ್ನು ಆಮೇಲೆ ಯಾರೂ ಕಂಡಿಲ್ಲ.

ಈ ಸಲದ ಅಕ್ಕಿ ಮೊನ್ನೆ ಬಂತು. ಅದಕ್ಕೂ ಮೊದಲು ಅಣ್ಣಯ್ಯನ ಫೋನು: “ಮೂಟೆ ಬಸ್ಸಿಗೆ ಹಾಕಿದ್ದೆ. ಭಾವನ್ನ ಕಳ್ಸ್, ನೀ ಹೊರ್ಬೇಡ.” ಹೊಲಿಗೆ ಬಿಚ್ಚಿದರೆ ಬಾಯಲ್ಲೇ ಒಂದು ಕಟ್ಟು ಹಪ್ಪಳವಿತ್ತು.